ಹಿತ್ತಾಳೆಯ ಟೋಪಿ

ಬೆಳಿಗ್ಗೆ ಎಂಟಕ್ಕೆ ಮಗಳು ಟ್ರೇಲರಿನ ಬ್ಯಾಟರಿಯಿಂದ ಹಳೆಯ ನಟ್ಟುಗಳನ್ನು ಬಿಚ್ಚಿದಳು. ಒಂಬತ್ತರ ಹೊತ್ತಿಗೆ ಹೊಸ ಹಿಡಿಗಳನ್ನು ಕೂಡಿಸಿ ಅಪ್ಪನಿಗೆ ವಿವರಿಸಿದಳು. ಹತ್ತಾಗುವ ಮೊದಲೇ ಅಪ್ಪ ಎರಡು ಸಲ ತಪ್ಪು ಹಿಡಿಗೆ ಕೈ ಹಾಕಿದ್ದರು.

ಮಧ್ಯಾಹ್ನ ಅಪ್ಪ, ಅಮ್ಮ ಇಬ್ಬರೇ, ಮಲಗಲು, ಅಡುಗೆ ಮಾಡಲು ಜಾಗವಿದ್ದ ಆ ಟ್ರೇಲರನ್ನು ಕಾರಿಗೆ ಸಿಕ್ಕಿಸಿಕೊಂಡು ತಿಂಗಳ ಪ್ರವಾಸಕ್ಕೆ ಹೊರಡುವವರಿದ್ದರು. ತಂಗಿದಲ್ಲೆಲ್ಲ ಬ್ಯಾಟರಿಯನ್ನು ಬಿಚ್ಚಿ ಚಾರ್ಜಿಗೆ ಒಯ್ಯಬೇಕು. ಜೀವಮಾನವೆಲ್ಲ ಉಳಿ ಹಿಡಿದ ಬಡಗಿ ಅಪ್ಪನ ಬೆರಳುಗಳು ಈಗ ಸ್ಪ್ಯಾನರ್ ತಿರುಗಿಸಲು ಒಪ್ಪುತ್ತಿರಲಿಲ್ಲ. ಅದಕ್ಕೆಂದೇ ಮಗಳು ಬ್ಯಾಟರಿಯ ಎರಡು ಸೀಸದ ಗೂಟಗಳಿಗೂ ಹಿತ್ತಾಳೆಯ ಟೋಪಿ ತೊಡಿಸಿ, ತಂತಿಗಳ ತುದಿಗೆ ಹಿಡಿ ಇರುವ ಕ್ಲಾಂಪುಗಳನ್ನು ಹಾಕಿದ್ದಳು. ಎತ್ತಿದರೆ ಬಿಡುತ್ತದೆ, ಒತ್ತಿದರೆ ಕಚ್ಚುತ್ತದೆ. ಬ್ಯಾಟರಿಯ ಮೇಲಿನ ಗುರುತುಗಳು ಎಂದೋ ಅಳಿಸಿಹೋಗಿದ್ದರಿಂದ ಟೋಪಿಗೂ ಹಿಡಿಗೂ ಬಣ್ಣ ಬಳಿದಿದ್ದಳು: ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು.

"ಅಪ್ಪ, ಇನ್ನೊಂದೇ ಸಲ. ಜೋಡಿಸೋವಾಗ ಮೊದಲು ಯಾವುದು?"

"ಪ್ಲಸ್ಸು. ಕೆಂಪಿಗೆ ಕೆಂಪು. ಆಮೇಲೆ ಕಪ್ಪಿಗೆ ಕಪ್ಪು. ಸೈಕಲ್ ಕಲಿಸಿದವನಿಗೇ ಪರೀಕ್ಷೆ ಇಡ್ತೀಯಲ್ಲ, ಭಲೇ ಮೇಡಂ!" ಎನ್ನುತ್ತ ಅಪ್ಪ ಶೆಡ್ಡಿನ ಮಬ್ಬಿನಲ್ಲಿ ಬಾಗಿ, ಕಪ್ಪು ಹಿಡಿಯನ್ನೆತ್ತಿ ನೇರವಾಗಿ ಕೆಂಪು ಟೋಪಿಯತ್ತ ಒಯ್ದರು. ಮಗಳು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಮೊಳದಷ್ಟು ದೂರದಲ್ಲಿ ಟ್ರೇಲರಿನ ಅಡುಗೆ ಗ್ಯಾಸ್ ಸಿಲಿಂಡರ್ ಇತ್ತು; ಒಂದು ಕಿಡಿ ಹಾರಿದರೂ ಸಾಕಿತ್ತು.

ಬಾಯಿ ಹೇಳುವುದೆಲ್ಲ ಸರಿ, ಕೈ ಮಾಡುವುದೆಲ್ಲ ತಪ್ಪು. ಅವಳನ್ನು ಹೆದರಿಸಿದ್ದು ಅದೇ. ಬಾಗಿಲಲ್ಲಿ ಕೆಂಪು ಸ್ವೆಟರ್ ತೊಟ್ಟು ನಿಂತಿದ್ದ ಅಮ್ಮ ಅವಳನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದಳು: "ನಿಮ್ಮ ದೊಡ್ಡಪ್ಪನಿಗೂ ಹೀಗೇ ಶುರುವಾಗಿದ್ದು. ಈಗ ಹೆತ್ತ ಮಗನನ್ನೇ ಯಾರಪ್ಪ ನೀನು ಅಂತ ಕೇಳ್ತಾರೆ. ಕಾರಿನ ಕೀ ನೀನೇ ಇಸ್ಕೊಂಡುಬಿಡು. ನಾನು ಕೇಳಿದ್ರೆ ಜಗಳ ಆಗುತ್ತೆ."

ಪಿಸುಮಾತು ಅಪ್ಪನ ಕಿವಿಗೆ ಬೀಳದಷ್ಟು ಚಿಕ್ಕದಾಗಿರಲಿಲ್ಲ. ಅಪ್ಪ ಜೇಬಿನಿಂದ ಕೀಗೊಂಚಲು ತೆಗೆದು ಬ್ಯಾಟರಿಯ ಪಕ್ಕದ ಹಲಗೆಯ ಮೇಲಿಟ್ಟರು.

"ನಾನೂ ಅಣ್ಣನ ಥರ ಆಗ್ತಿದೀನಾ, ಮಗಾ?"

ಅಮ್ಮ ಮೂಗು ಸೊರಸೊರ ಎಳೆದಳು. ಆ ಸದ್ದನ್ನು ತಾಳಲಾರದೆ ಅಪ್ಪನೇ ನಗಲು ನೋಡಿದರು. "ಸಾಕು ಮಾರಾಯ್ತಿ, ಆ ಕಪ್ಪು ಸ್ವೆಟರಿನ ತೋಳಿಗೆ ಮೂಗು ಒರೆಸ್ಕೋಬೇಡ."

"ಕಪ್ಪಂತೆ! ಈ ಹೊತ್ತಲ್ಲೂ ಅದೇ ಹಳಸಲು ಜೋಕು. ಮದುವೆಯಾದಾಗಿಂದ ನಾನು ಕೆಂಪುಟ್ಟಾಗಲೆಲ್ಲ ಇದೇ ಗೋಳು."

ಮಗಳು ತಲೆಯೆತ್ತಿದಳು. ಆ ಜೋಕನ್ನು ಕೇಳುತ್ತಲೇ ಅವಳು ಬೆಳೆದಿದ್ದಳು. ಅದನ್ನು ಹೇಳಿ ಅಪ್ಪ ತಾವೇ ಮೊದಲು ನಕ್ಕದ್ದು ಮಾತ್ರ ಅವಳಿಗೆ ನೆನಪಾಗಲಿಲ್ಲ. ಕೆಂಪು ಹಿಡಿಯನ್ನು ಅವರ ಮುಖದ ಮುಂದೆ ಹಿಡಿದಳು.

"ಅಪ್ಪ, ಇದು ಯಾವ ಬಣ್ಣ?"

ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ತಡವರಿಸಿದರು. "ಎರಡೂ ಕಪ್ಪೇ ಅಲ್ವಾ? ಅದರಲ್ಲಿ ಒಂದನ್ನ ನೀವೆಲ್ಲ ಕೆಂಪು ಅಂತೀರಿ. ಯಾವುದನ್ನ ಅನ್ನೋದು ನಿಮಗೆ ನೆನಪಿರುತ್ತೆ, ನನಗೆ ಇರಲ್ಲ."

"ಮತ್ತೆ ಇಷ್ಟು ವರ್ಷ ಪ್ಲಸ್ಸು ಯಾವುದು ಅಂತ ಹೇಗೆ ಗೊತ್ತಾಗ್ತಿತ್ತು?"

"ಮುಟ್ಟಿದ್ರೆ ಗೊತ್ತಾಗಲ್ವೇನೇ? ದಪ್ಪಗಿರೋ ಗೂಟ ಪ್ಲಸ್ಸು, ಸಣ್ಣದು ಮೈನಸ್ಸು. ಸಣ್ಣ ಕ್ಲಾಂಪು ದಪ್ಪ ಗೂಟಕ್ಕೆ ಇಳಿಯೋದೇ ಇಲ್ಲ. ನೀನು ಟೋಪಿ ಹಾಕಿದ ಮೇಲೆ ಎರಡೂ ಅವಳಿ ಮಕ್ಕಳಾಗಿಬಿಟ್ಟಿವೆ."

ಮಗಳು ಎರಡು ಟೋಪಿಗಳನ್ನೂ ಕಳಚಿದಳು. ಅಪ್ಪನ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಅವರಿಗೆ ತಿಳಿಯದಂತೆ ಬ್ಯಾಟರಿಯನ್ನು ಒಮ್ಮೆ ಹಿಂದುಮುಂದಾಗಿ, ಒಮ್ಮೆ ಅಡ್ಡಲಾಗಿ ಇಟ್ಟಳು. ಪ್ರತಿ ಸಲವೂ ಅಪ್ಪನ ಹೆಬ್ಬೆರಳು ಎರಡು ಗೂಟಗಳನ್ನೂ ಒಮ್ಮೆ ಸವರಿ, ಅನುಮಾನವಿಲ್ಲದೆ ಪ್ಲಸ್ಸಿನ ಮೇಲೆ ನಿಂತಿತು. ಬಾಗಿಲಲ್ಲಿ ಅಮ್ಮ ತನ್ನ ಸ್ವೆಟರಿನ ತೋಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು.

ಮಗಳು ಕಳಚಿದ ಟೋಪಿಗಳನ್ನು ಅಂಗೈಯಲ್ಲಿ ಜೋಡಿಸಿಕೊಂಡು ಬೆರಳಾಡಿಸಿದಳು. ಅಪ್ಪನ ನೆನಪಿಗೆ ಏನೂ ಆಗಿರಲಿಲ್ಲ. ಟೋಪಿಗಳೆರಡೂ ಒಂದೇ ದಪ್ಪ ಇದ್ದವು.