ವ್ಯಾನು ತುಂಬ ಜನ

ಮೆಜೆಸ್ಟಿಕ್ ಹತ್ತಿರದ ವೃತ್ತದಲ್ಲಿ ಟ್ರಾಫಿಕ್ ಪೇದೆ ಕೈ ಎತ್ತಿದ. ಷಡಕ್ಷರಪ್ಪನವರು ಬಾಡಿಗೆಗೆ ತಂದ ಮಾರುತಿ ವ್ಯಾನನ್ನು ನಡುರಸ್ತೆಯಲ್ಲೇ ನಿಲ್ಲಿಸಿದರು. ಹಿಂದಿನ ಬಾಗಿಲು ಸರಿಸಿ, "ಹತ್ತಿ ಸ್ವಾಮಿ, ಯಾವ ಕಡೆಗೆ?" ಎಂದರು.

ಪಕ್ಕದಲ್ಲಿದ್ದ ಅನುಸೂಯಮ್ಮ ಹಣೆ ಚಚ್ಚಿಕೊಂಡರು. ಗಂಡನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಹಾರನಹಳ್ಳಿ ರಸ್ತೆಯಲ್ಲಿ ಕೈ ಎತ್ತಿದವರನ್ನು ಬಿಟ್ಟು ಬಂದರೆ ಆ ಮನುಷ್ಯನಿಗೆ ಅಂದು ಊಟ ಸೇರುವುದಿಲ್ಲ. ಹಾಗಂತ ಆ ಚಾಳಿಯನ್ನು ಬೆಂಗಳೂರಿಗೂ ಹೊತ್ತು ತರುವುದೇ? ಅದೂ ಇವತ್ತು!

ಇವತ್ತು ಮಗಳಿಗೆ ಗೊತ್ತುಮಾಡಿರುವ ಗಂಡಿನ ಮನೆ ನೋಡುವ ಶಾಸ್ತ್ರ. "ನಿಮ್ಮ ಕಡೆ ಹಿರಿಯರು ಎಷ್ಟು ಜನ ಬರ್ತೀರಿ?" ಎಂದು ಬೀಗಿತ್ತಿ ಸುವರ್ಣಮ್ಮ ಫೋನಿನಲ್ಲಿ ಕೇಳಿದಾಗ ಅನುಸೂಯಮ್ಮ ಜಂಬದಿಂದ, "ವ್ಯಾನು ತುಂಬ" ಎಂದುಬಿಟ್ಟಿದ್ದರು. ಬೇಲೂರಿನ ನೆಂಟರು ನೋಡಿದರೆ ಹಳೇಬೀಡಿನಲ್ಲಿ ಯಾರದೋ ಮದುವೆಯೂಟ ಬಿಡಲಾರದೆ ಕೈಕೊಟ್ಟರು. ರೈಲಿಳಿದದ್ದು ಗಂಡ ಹೆಂಡತಿ ಇಬ್ಬರೇ. ಆಡಿದ ಮಾತಿಗೆ ವ್ಯಾನಂತೂ ಬಂತು, ತುಂಬಲು ಜನವಿಲ್ಲ. ಬೀಗರ ಮುಂದೆ ಮುಖ ಎತ್ತುವುದು ಹೇಗೆ?

"ರೀ, ಒನ್ ವೇ ಕಣ್ರೀ ಇದು! ಲೈಸೆನ್ಸ್ ತೆಗೀರಿ!" ಪೇದೆ ಗದರಿದ.

"ತೆಗೀತೀನಿ, ಮೊದ್ಲು ಹತ್ತಿ. ವಿಜಯನಗರದಾಗೆ ಮಗಳ ಬೀಗರ ಮನೆಗೆ ಹೊಂಟಿದೀವಿ. ಎದ್ರುಗಡೆ ಬಸ್ಸಿನೋನು ಬಡ್ಕೊಳ್ತಾವ್ನೆ, ಪಾಪ."

ವ್ಯಾನನ್ನು ಪಕ್ಕಕ್ಕೆ ಹಾಕಿಸಲೆಂದು ಪೇದೆ ಹತ್ತಿದ. ಲೈಸೆನ್ಸಿನಲ್ಲಿ ಅರಸೀಕೆರೆ ಎಂದು ಓದಿದ್ದೇ ತಡ, ಅವನ ಮುಖ ಸಡಿಲವಾಯಿತು. "ಅಯ್ಯೋ, ನಮ್ದೂ ಅದೇ ಜಿಲ್ಲೆ, ಹಗರೆ ಕಣ್ರೀ! ಉಗ್ರಪ್ಪ ಅಂತ. ವಿಜಯನಗರಕ್ಕಾ? ನನ್ ಡ್ಯೂಟೀನೂ ಮುಗೀತು, ಮನೆ ಅಲ್ಲೇ. ನಡೀರಿ, ದಾರಿ ತೋರಿಸ್ತೀನಿ."

ಆಮೇಲೆ ತಡೆಯುವವರೇ ಇಲ್ಲವಾಯಿತು. ಬಸ್ಸಿಗೆ ಕೈ ಅಡ್ಡ ಹಿಡಿದ ಮುದುಕ ದಂಪತಿ ಹತ್ತಿದರು. ಆಟೋ ಕರೆಯುತ್ತಿದ್ದ ಮೇಷ್ಟ್ರು ಹತ್ತಿದರು. ಬಾಚಿದ ಕ್ರಾಪು ಸರಿಮಾಡಿಕೊಳ್ಳಲು ಕೈ ಎತ್ತಿದ್ದ ಒಬ್ಬ ಆಸಾಮಿ, ತಾನೇಕೆ ಹತ್ತಿದೆನೆಂದು ತಿಳಿಯದೆ, ಸುಮ್ಮನೆ ಮುದುಡಿ ಕುಳಿತ.

"ರೀ, ರಾಹುಕಾಲ ಬರ್ತಾ ಐತೆ! ಎಲ್ರನ್ನೂ ಇಳಿಸ್ರೀ!"

"ಬೀಗರ ಮನೆ ಸಿಗ್ಲಿ, ಒಟ್ಗೇ ಇಳಿಸ್ತೀನಿ ಕಣೇ."

ಹಾಗೇ ಆಯಿತು. ಗೇಟಿನ ಬಳಿ ನೀರಿನ ಚೊಂಬು ಹಿಡಿದು ನಿಂತಿದ್ದ ಸುವರ್ಣಮ್ಮ, ವ್ಯಾನಿನಿಂದ ಇಳಿಯುತ್ತಲೇ ಇದ್ದ ಜನರನ್ನು ಕಂಡು ಬಾಯಿ ತೆರೆದರು. "ಅಬ್ಬಬ್ಬಾ! ಹೇಳ್ದಂಗೇ ವ್ಯಾನು ತುಂಬ ಬಂದ್ರಲ್ಲ!"

ಅನುಸೂಯಮ್ಮ ಒಮ್ಮೆ ವ್ಯಾನಿನ ಕಡೆ, ಒಮ್ಮೆ ಬೀಗಿತ್ತಿಯ ಕಡೆ ನೋಡಿದರು. ಮರುಗಳಿಗೆಯೇ ಅವರು ತನ್ನ ಮನೆ ಕಡೆ ಹೊರಟಿದ್ದ ಉಗ್ರಪ್ಪನ ಖಾಕಿ ತೋಳು ಭದ್ರವಾಗಿ ಹಿಡಿದರು. "ಎಲ್ಲಿಗೆ ಹೊಂಟೆ ತಮ್ಮಾ? ಕಾಲ್ ತೊಳ್ಕೊಂಡು ಒಳಗೆ ಬಾ. ಎಲ್ರೂ ಬನ್ನಿ."

ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಯಾರೂ ಬೇಡವೆನ್ನಲಿಲ್ಲ. ಕ್ರಾಪಿನವನಂತೂ ಎಲ್ಲರಿಗಿಂತ ಮೊದಲು ಕಾಲು ತೊಳೆದ.

ಊಟಕ್ಕೆ ಕುಳಿತಾಗ ಬೀಗರು ಉಗ್ರಪ್ಪನನ್ನು ಕೇಳಿದರು, "ತಾವು ಹುಡುಗಿಗೆ ಏನಾಗ್ಬೇಕು?"

"ಸೋದರಮಾವ." ಉಗ್ರಪ್ಪ ಖಾಕಿ ತೋಳು ಚಾಚಿ ತೋರಿಸಿದ. "ಈ ತೋಳಲ್ಲೇ ಎತ್ತಿ ಆಡ್ಸಿದ ಕೂಸು. ಕಣ್ಣಾಗೆ ನೀರು ಬರ್ದಂಗೆ ನೋಡ್ಕಳಿ."

ಸುವರ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅನುಸೂಯಮ್ಮನಿಗೂ ನಿಜವಾಗಿಯೇ ಅಳು ಬಂತು. ಉಗ್ರಪ್ಪ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಅವರ ಕಡೆ ವಾಲಿ ಮೆಲ್ಲಗೆ ಕೇಳಿದ:

"ಅಕ್ಕಾ, ಹುಡ್ಗಿ ಹೆಸ್ರೇನು?"