ಆರಿಸಬಾರದ ದೀಪ

ಮೆಡಿಕಲ್ ಸೀಟಿಗೆ ತಯಾರು ಮಾಡುವ ಆ ಕಾಲೇಜು, ವಿದ್ಯಾರ್ಥಿಗಳ ಕಲ್ಯಾಣಕ್ಕಾಗಿ ಹಾಸ್ಟೆಲಿನಲ್ಲಿ ಕತ್ತಲೆಯನ್ನೇ ರದ್ದು ಮಾಡಿತ್ತು. ಕೋಣೆಗಳ ಬಿಳಿ ಟ್ಯೂಬ್‌ಲೈಟುಗಳು ರಾತ್ರಿಯಿಡೀ ಉರಿಯುತ್ತಿದ್ದವು. ಸ್ವಿಚ್ಚುಗಳು ವಾರ್ಡನ್ನರ ಕೋಣೆಯಲ್ಲಿದ್ದವು. ಮಲಗಬಾರದೆಂದು ಯಾರೂ ಹೇಳಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ, ಅಷ್ಟೆ. ಕಣ್ಣು ಕೆಂಡವಾಗಿ, ಓದಿದ ಸಾಲು ಮರುಕ್ಷಣವೇ ಮರೆಯತೊಡಗಿದಾಗ ಚೈತ್ರಾ ಅಪ್ಪನನ್ನು ಕರೆಸಿದಳು.

ಅಪ್ಪನದು ಕೋಳಿ ಫಾರಂ. ಪ್ರಾಂಶುಪಾಲರೆದುರು ಅವನು ಕುರ್ಚಿಯ ತುದಿಯಲ್ಲಿ ಕೂತ. ಚೈತ್ರಾ ಬಾಗಿಲ ಬಳಿ ನಿಂತಳು.

"ರಾತ್ರಿ ಒಂದೀಟು ಲೈಟ್ ಆರಿಸಿ ಸಾರ್. ಮಗಳು ನಿದ್ದೆ ಇಲ್ದೆ ಸೊರಗೋಗವ್ಳೆ."

"ಯಜಮಾನ್ರೇ, ನಿದ್ದೆ ಮಾಡೋರು ಡಾಕ್ಟರಾಗಲ್ಲ, ಪೇಷಂಟಾಗ್ತಾರೆ," ಎಂದು ಪ್ರಾಂಶುಪಾಲರು ತಮ್ಮ ಮಾತಿಗೆ ತಾವೇ ನಕ್ಕರು.

"ನಮ್ ಕೋಳಿಗಳ್ನ ಕಂಡು ಹೇಳ್ತಿದೀನಿ ಸಾರ್. ಮೊಟ್ಟೆ ಆಸೆಗೆ ನಾವೂ ಲೈಟ್ ಹಾಕ್ತೀವಿ. ಆದ್ರೆ ಒಂದಷ್ಟು ಹೊತ್ತು ಕತ್ಲೆ ಬಿಡ್ಲೇಬೇಕು. ಒಂದ್ಸಲ ದುರಾಸೆ ಬಿದ್ದು ರಾತ್ರಿಯೆಲ್ಲ ಉರಿಸ್ದೆ. ತಲೆಕೆಟ್ಟು, ಪಕ್ಕದ ಕೋಳೀನೇ ಕುಕ್ಕಿ ಕುಕ್ಕಿ ಸಾಯಿಸಿಬಿಟ್ವು."

ಪ್ರಾಂಶುಪಾಲರ ನಗು ನಿಂತಿತು. ಅಪ್ಪ ಗೆದ್ದನೆಂದು ಚೈತ್ರಾಳಿಗೆ ಖಾತ್ರಿಯಾಯಿತು. ಇವತ್ತು ಯಾವ ಮಗ್ಗುಲಿಗೆ ಮಲಗುವುದೆಂದೂ ಅವಳು ಯೋಚಿಸತೊಡಗಿದಳು.

ಪ್ರಾಂಶುಪಾಲರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಅಂದ್ರೆ ಕೋಳಿಗಳಲ್ಲಿ ಒಳ್ಳೇ ಕಾಂಪಿಟಿಷನ್ ಬಂತು ಅನ್ನಿ. ಬಲ್ಬು ಯಾವುದು ಹಾಕಿದ್ರಿ?"