ಸೀಬೆಬೀಜ ತುಂಬಿದ ಹೊಟ್ಟೆ

ನನಗಾಗ ಏಳು ವರ್ಷ, ಅರವತ್ತು ವರ್ಷದ ಹಿಂದಿನ ಮಾತು. ಹರಳೆಣ್ಣೆ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಮಧ್ಯಾಹ್ನವೇ ಕಣ್ಣ ಮುಂದೆ ಬರುತ್ತದೆ. ಸೀಬೆಹಣ್ಣನ್ನು ಬೀಜದ ಸಮೇತ ನುಂಗಿ ನುಂಗಿ ವಾರದಿಂದ ನನಗೆ ಹೊರಕಡೆಗೇ ಆಗಿರಲಿಲ್ಲ, ಹೊಟ್ಟೆ ಕಲ್ಲಾಗಿತ್ತು. ಕಿರುಗಾವಲಿನ ಡಾಕ್ಟರು ಒತ್ತಿ ನೋಡಿ, "ಇದಕ್ಕೆ ತೀವ್ರ ಮಲಬದ್ಧತೆ ಅಂತಾರೆ. ಹರಳೆಣ್ಣೆ ಕುಡಿಸಿ. ಸಂಜೆಯೊಳಗೆ ಆಗದಿದ್ರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ" ಎಂದಿದ್ದರು.

ಅವ್ವ ಗಳಗಳ ಅತ್ತಳು. ಅಜ್ಜಿ ಎಣ್ಣೆ ಕುಡಿಸಿ, ವೀಳ್ಯದೆಲೆಯ ತೊಟ್ಟನ್ನೂ ಅದರಲ್ಲೇ ಅದ್ದಿ ಹಿಂದಿನಿಂದ ಇಟ್ಟು, ಹಿತ್ತಲಲ್ಲಿ ಕೂರಿಸಿದಳು.

"ತಿಣ್ಕೇ! ನಿನ್ನೊಟ್ಟೇಲೇ ಸೀಬೆತೋಟ ಮಾಡ್ತೀಯೇನೇ?"

ಬೇಲಿಯಾಚೆಯಿಂದ ಅಕ್ಕಪಕ್ಕದ ಹೆಂಗಸರೂ ಕೂಗಿದರು, "ಬಂತೇನೇ?"

ಹೊತ್ತು ಮುಳುಗುವ ಮುಂಚೆ ನಾನೇ ಕಿರುಚಿದೆ, "ಬಂತು ಕಣಜ್ಜಿ, ಬಂತು!"

ಅವ್ವ ಅಳು ಬಿಟ್ಟು ನಕ್ಕಳು. ಅಜ್ಜಿ, "ಇನ್ನು ಆ ಸೀಬೆಮರ ಮುಟ್ಟಿದ್ರೆ ಕಾಲ್ ಮುರ್ದಾಕ್ಬುಡ್ತೀನಿ ಕಣೇ" ಎಂದಳು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅದೇ ಮರ ಹತ್ತಿದೆ. ಬೀಜ ಮಾತ್ರ ಉಗಿದೆ.